ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್ ಬದಲಿಸ್ತಿದ್ದೀರಾ? ‘100%’ ಕಂಡ ತಕ್ಷಣ ಹಳೆಯ ಫೈಲ್ ಅಳಿಸಬೇಡಿ!

ಠಾಣೆ: 2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ 10 ಗಂಟೆ ಸುಮಾರಿಗೆ ಮುಂಬೈ, ಠಾಣೆ, ನವಿ ಮುಂಬೈನ ಬಹುಭಾಗದಲ್ಲಿ ಒಮ್ಮೆಲೇ ಕರೆಂಟ್ ಹೋಯಿತು. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಠಾಣೆ ಜಿಲ್ಲೆಯ ಕಳವಾ–ಪಡಘಾ ನಡುವಿನ 400 ಕೆವಿ ವಿದ್ಯುತ್ ಮಾರ್ಗದಲ್ಲಿನ ದೋಷವೂ ಅಂದಿನ ಕತ್ತಲೆಗೆ ಕಾರಣವಾಗಿತ್ತು.

ನವಿ ಮುಂಬೈನ ಐರೋಲಿ, ರಬಾಳೆ, ಮಹಾಪೆಯಲ್ಲಿರುವ ದೊಡ್ಡ ಡೇಟಾ ಸೆಂಟರ್‌ಗಳಿಗೆ ಜನರೇಟರ್ ಇರುತ್ತದೆ, ಹಗಲು ರಾತ್ರಿ ಕಾಯುವ ಎಂಜಿನಿಯರ್‌ಗಳಿರುತ್ತಾರೆ. ಆದರೆ ಡೊಂಬಿವಲಿಯ ಲೆಕ್ಕಪರಿಶೋಧಕರ ಕಚೇರಿ, ಕಲ್ಯಾಣ್‌ನ ಫೋಟೊ ಸ್ಟುಡಿಯೊ, ಠಾಣೆಯ ಸಣ್ಣ ಕ್ಲಿನಿಕ್‌ಗಳ ಪರಿಸ್ಥಿತಿ ಬೇರೆ. ಅಲ್ಲಿ ‘ಸರ್ವರ್’ ಎಂದರೆ ಮೂಲೆಯ ಮೇಜಿನ ಕೆಳಗೆ ಕೂತಿರುವ ಒಂದು ಕಂಪ್ಯೂಟರ್, ಅಷ್ಟೇ. ಕನ್ನಡ ಸಂಘಗಳ ಹಳೆಯ ಕಾರ್ಯಕ್ರಮಗಳ ಫೋಟೊ, ಸ್ಮರಣ ಸಂಚಿಕೆಗಳ ಪುಟಗಳೂ ಇಂಥದ್ದೇ ಒಂದು ಡಿಸ್ಕ್‌ನಲ್ಲಿ ಇರುವುದುಂಟು.

ಡಿಸ್ಕ್ ತುಂಬಿದಾಗ ಅಥವಾ ಹಳೆಯದಾದಾಗ ಎಲ್ಲವನ್ನೂ ಹೊಸದಕ್ಕೆ ಸಾಗಿಸಲೇಬೇಕು. ಡೇಟಾ ಕಳೆದುಕೊಳ್ಳುವ ಅಪಾಯ ಹೆಚ್ಚಿರುವುದೂ ಆಗಲೇ. ಈ ಕೆಲಸವನ್ನು ಸುರಕ್ಷಿತವಾಗಿ ಮಾಡುವುದು ಹೇಗೆ? ಇಲ್ಲಿದೆ ವಿವರ.

ಎಡವಿದರೆ ಏನಾಗುತ್ತದೆ?

ದೊಡ್ಡ ಕಂಪನಿಗಳೇ ಇದರಲ್ಲಿ ಎಡವಿವೆ. ಒಂದು ಕಾಲದ ಜನಪ್ರಿಯ ಸಾಮಾಜಿಕ ತಾಣ ಮೈಸ್ಪೇಸ್, ಸರ್ವರ್ ಸ್ಥಳಾಂತರದ ವೇಳೆ ಹಳೆಯ ಫೈಲ್‌ಗಳು ನಷ್ಟವಾಗಿವೆ ಎಂದು ಒಪ್ಪಿಕೊಂಡ ಸಂಗತಿ 2019ರ ಮಾರ್ಚ್‌ನಲ್ಲಿ ಸುದ್ದಿಯಾಯಿತು. 2003ರಿಂದ 2015ರವರೆಗೆ ಬಳಕೆದಾರರು ಹಾಕಿದ್ದ ಸುಮಾರು 5 ಕೋಟಿ ಹಾಡುಗಳು ಹೋದವು ಎಂದು ವರದಿಯಾಗಿತ್ತು.

2021ರ ಡಿಸೆಂಬರ್‌ನಲ್ಲಿ ಜಪಾನ್‌ನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ ಬ್ಯಾಕಪ್ ತಂತ್ರಾಂಶದ ದೋಷದಿಂದ 77 ಟೆರಾಬೈಟ್‌ನಷ್ಟು, ಅಂದರೆ ಸುಮಾರು 3.4 ಕೋಟಿ ಫೈಲ್‌ಗಳು ಅಳಿಸಿಹೋದವು. 14 ಸಂಶೋಧನಾ ತಂಡಗಳಿಗೆ ಇದರ ಬಿಸಿ ತಟ್ಟಿತು. ಡೇಟಾ ಉಳಿಸಬೇಕಿದ್ದ ತಂತ್ರಾಂಶವೇ ಅದನ್ನು ಅಳಿಸಿತ್ತು!

ಸಣ್ಣ ಕಚೇರಿಗೂ ನಷ್ಟ ಸಣ್ಣದಲ್ಲ. ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಗಳು 8 ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಿಕೊಳ್ಳಬೇಕು. ಇನ್ನು ಯಾರದೋ ಮದುವೆಯ ಫೋಟೊ ಹೋದರೆ ಮತ್ತೆ ತೆಗೆಯಲು ಸಾಧ್ಯವೇ?

ಪರದೆಯ ಮೇಲೆ ‘100%’ ಬಂದರೂ ಕೆಲಸ ಬಾಕಿ ಇರಬಹುದು

ಫೈಲ್ ಕಾಪಿ ಮಾಡುವಾಗ ಕಂಪ್ಯೂಟರ್ ಅದನ್ನು ಹಳೆಯ ಡಿಸ್ಕ್‌ನಿಂದ ಓದಿ, ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಹೊಸ ಡಿಸ್ಕ್‌ಗೆ ಬರೆಯುತ್ತದೆ. ಹೀಗಾಗಿ ‘ಮುಗಿಯಿತು’ ಎಂಬ ಸಂದೇಶ ಬಂದ ಕ್ಷಣದಲ್ಲೂ ಕೊನೆಯ ಒಂದಷ್ಟು ಭಾಗ ಇನ್ನೂ ಮೆಮೊರಿಯಲ್ಲೇ ಇರಬಹುದು. ಆಗ ಕರೆಂಟ್ ಹೋದರೆ ಅಥವಾ ಕೇಬಲ್ ಕಿತ್ತರೆ ಆ ಭಾಗ ಹೋಯಿತೆಂದೇ ಲೆಕ್ಕ.

ಹೊಸ ಡಿಸ್ಕ್‌ನಲ್ಲಿ ಫೈಲ್‌ನ ಹೆಸರು ಸರಿಯಾಗಿಯೇ ಕಾಣುತ್ತದೆ. ಕೆಲವೊಮ್ಮೆ ಗಾತ್ರವೂ ಸರಿ ಇರುತ್ತದೆ. ತೆರೆದಾಗ ಮಾತ್ರ ಒಳಗೆ ಏನೂ ಇರುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಹಳೆಯ ಡಿಸ್ಕ್ ಅಳಿಸಿಯಾಗಿರುತ್ತದೆ.

ಆದ್ದರಿಂದ ಮೊದಲ ನಿಯಮ: ‘ಕಟ್’ ಅಥವಾ ‘ಮೂವ್’ ಬೇಡವೇ ಬೇಡ. ಯಾವಾಗಲೂ ‘ಕಾಪಿ’ ಮಾಡಿ. ‘ಮೂವ್’ ಮಾಡಿದರೆ ನೀವು ಪರೀಕ್ಷಿಸುವ ಮೊದಲೇ ಮೂಲ ಫೈಲ್ ಅಳಿಸಿರುತ್ತದೆ.

ಶುರು ಮಾಡುವ ಮುನ್ನ

* ಸಮಯ ಲೆಕ್ಕ ಹಾಕಿ: 4 ಟೆರಾಬೈಟ್ ಡೇಟಾ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಹೋದರೂ ಸುಮಾರು ಏಳೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2.0 ಪೋರ್ಟ್‌ಗೆ ಡಿಸ್ಕ್ ಚುಚ್ಚಿದರೆ ಒಂದು ದಿನ ದಾಟುತ್ತದೆ. ಲಕ್ಷಾಂತರ ಸಣ್ಣ ಫೈಲ್‌ಗಳಿದ್ದರೆ ಇನ್ನೂ ನಿಧಾನ.

* ಕರೆಂಟ್ ನೋಡಿಕೊಳ್ಳಿ: ನಿರ್ವಹಣೆಗಾಗಿ ಕರೆಂಟ್ ತೆಗೆಯುವುದಾಗಿ ಮಹಾವಿತರಣದಿಂದ ಸಂದೇಶ ಬಂದಿದೆಯೇ ಪರಿಶೀಲಿಸಿ. ಸರ್ವರ್ ಮತ್ತು ಹೊರಗಿನ ಡಿಸ್ಕ್ ಎರಡೂ ಯುಪಿಎಸ್‌ಗೆ ಜೋಡಣೆಯಾಗಿರಲಿ. ಗುಡುಗು–ಸಿಡಿಲಿನ ಸಂಜೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

* ಎರಡೂ ಡಿಸ್ಕ್‌ಗಳ ಆರೋಗ್ಯ ನೋಡಿ: ಡಿಸ್ಕ್‌ಗಳು ತಮ್ಮ ದೋಷಗಳ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾವೇ ಬರೆದಿಟ್ಟುಕೊಳ್ಳುತ್ತವೆ. ಹಳೆಯ ಡಿಸ್ಕ್‌ನಲ್ಲಿ ದೋಷ ಕಂಡರೆ ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಮೊದಲು ಕಾಪಿ ಆಗಲಿ. ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ ಕೂಡಲೇ ನಿಲ್ಲಿಸಿ, ತಜ್ಞರಿಗೆ ಕೊಡಿ.

* ಯಾವುದು ಹಳೆಯದು, ಯಾವುದು ಹೊಸದು? ಲಿನಕ್ಸ್ ಸರ್ವರ್‌ನಲ್ಲಿ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ರೀಬೂಟ್ ಆದಾಗ ಅದಲು ಬದಲಾಗಬಹುದು. ಡಿಸ್ಕ್‌ನ ಸೀರಿಯಲ್ ನಂಬರ್ ನೋಡಿಯೇ ಗುರುತಿಸಿ. ಹಳೆಯದರ ಮೇಲೆ ಒಂದು ಚೀಟಿ ಅಂಟಿಸಿ.

* ಹೊಸ ಡಿಸ್ಕ್ ‘ಮೌಂಟ್’ ಆಗಿದೆಯೇ? ಆಗದಿದ್ದರೆ ಫೈಲ್‌ಗಳೆಲ್ಲ ಸರ್ವರ್‌ನ ಮೂಲ ಡಿಸ್ಕ್‌ನಲ್ಲಿರುವ ಅದೇ ಹೆಸರಿನ ಖಾಲಿ ಫೋಲ್ಡರ್‌ಗೆ ತುಂಬಿ, ಸರ್ವರ್ರೇ ನಿಂತುಹೋಗಬಹುದು.

* ಫಾರ್ಮ್ಯಾಟ್ ಗಮನಿಸಿ: ಡಿಸ್ಕ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಗಿಗಾಬೈಟ್‌ಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೊ ಇಟ್ಟುಕೊಳ್ಳುವವರಿಗೆ ಇದು ಮುಖ್ಯ.

* ಟ್ಯಾಲಿಯಂಥ ತಂತ್ರಾಂಶ ಚಾಲನೆಯಲ್ಲಿರುವಾಗ ಅದರ ಫೋಲ್ಡರ್ ಕಾಪಿ ಮಾಡಬೇಡಿ. ಯಾರೋ ಎಂಟ್ರಿ ಹಾಕುತ್ತಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಲೆಕ್ಕ ಬರುತ್ತದೆ. ಎಲ್ಲರೂ ಮುಚ್ಚಿದ ಮೇಲೆ, ಅಥವಾ ಆ ತಂತ್ರಾಂಶದ್ದೇ ಬ್ಯಾಕಪ್ ಸೌಲಭ್ಯ ಬಳಸಿ ಕೆಲಸ ಮಾಡಿ.

ಯಾವ ಸಾಧನ ಬಳಸಬೇಕು?

ಮೌಸ್‌ನಿಂದ ಎಳೆದು ಹಾಕುವುದು ನಾಲ್ಕಾರು ಫೈಲ್‌ಗೆ ಸರಿ. ಲಕ್ಷಗಟ್ಟಲೆ ಫೈಲ್ ಇದ್ದಾಗ ನಡುವೆ ನಿಂತರೆ ಎಲ್ಲಿಯವರೆಗೆ ಆಗಿದೆ ಎಂದು ಗೊತ್ತಾಗುವುದಿಲ್ಲ.

ಲಿನಕ್ಸ್‌ನಲ್ಲಿ ಇದಕ್ಕೆ ‘ಆರ್‌ಸಿಂಕ್’ ಎಂಬ ಉಚಿತ ಸಾಧನವಿದೆ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಬಿಡುಗಡೆ ಮಾಡಿದ ಇದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸಾಮಾನ್ಯವಾಗಿ ಇದು ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತದೆ. ನಡುವೆ ನಿಂತರೆ ಅದೇ ಆದೇಶವನ್ನು ಮತ್ತೆ ಕೊಟ್ಟರಾಯಿತು, ಗಾತ್ರ ಮತ್ತು ಸಮಯ ಹೊಂದುವ ಫೈಲ್‌ಗಳನ್ನು ಬಿಟ್ಟು ಉಳಿದವನ್ನು ಮುಂದುವರಿಸುತ್ತದೆ. ‘ಆರ್ಕೈವ್’ ಆಯ್ಕೆ ಕೊಟ್ಟರೆ ಫೈಲ್‌ನ ದಿನಾಂಕ, ಯಾರು ಓದಬಹುದು ಎಂಬ ಅನುಮತಿಗಳೂ ಜೊತೆಗೆ ಬರುತ್ತವೆ.

ಆರ್‌ಸಿಂಕ್ ಬಳಸುವಾಗ ಮೂರು ಎಚ್ಚರಿಕೆ ಇರಲಿ. ಒಂದು, ಮೊದಲು ‘ಡ್ರೈ ರನ್’ ಮತ್ತು ‘ವರ್ಬೋಸ್’ ಆಯ್ಕೆಗಳಲ್ಲಿ ಓಡಿಸಿ. ಏನೇನು ಮಾಡುತ್ತೇನೆ ಎಂದು ಪಟ್ಟಿ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಎರಡು, ‘ಡಿಲೀಟ್’ ಆಯ್ಕೆ ಬೇಡ. ಮೂಲದಲ್ಲಿ ಇಲ್ಲದ್ದನ್ನು ಅದು ಹೊಸ ಡಿಸ್ಕ್‌ನಿಂದ ಅಳಿಸುತ್ತದೆ. ಮೂಲ ಮತ್ತು ಗುರಿ ತಿರುಗುಮುರುಗಾದರೆ ಖಾಲಿ ಡಿಸ್ಕ್‌ನಂತೆ ತುಂಬಿದ ಡಿಸ್ಕೂ ಖಾಲಿಯಾದೀತು! ಮೂರು, ಮೂಲ ಫೋಲ್ಡರ್ ಹೆಸರಿನ ಕೊನೆಗೆ ಓರೆಗೆರೆ ಹಾಕಿದರೆ ಒಳಗಿನ ಫೈಲ್‌ಗಳಷ್ಟೇ ಹೋಗುತ್ತವೆ, ಹಾಕದಿದ್ದರೆ ಫೋಲ್ಡರ್ ಸಮೇತ ಹೋಗುತ್ತದೆ.

ವಿಂಡೋಸ್ ಬಳಸುವವರಿಗೆ ಅದರಲ್ಲೇ ಇರುವ ‘ರೋಬೊಕಾಪಿ’ ಇಂಥದ್ದೇ ಕೆಲಸ ಮಾಡುತ್ತದೆ. ಅಲ್ಲಿ ‘ಮಿರರ್’ ಆಯ್ಕೆಯ ಬಗ್ಗೆ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಸರಿಯಾಗಿ ಬಂದಿದೆಯೇ? ಬೆರಳಚ್ಚು ಹೋಲಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಪ್ರತಿ ಫೈಲ್‌ಗೂ ಒಂದು ‘ಚೆಕ್‌ಸಮ್’ ಲೆಕ್ಕ ಹಾಕಬಹುದು. ಇದು ಫೈಲ್‌ನ ಬೆರಳಚ್ಚು ಇದ್ದಂತೆ. ‘ಎಸ್‌ಎಚ್‌ಎ–256’ ವಿಧಾನದಲ್ಲಿ ಅದು 64 ಅಕ್ಷರ–ಅಂಕಿಗಳ ಸಾಲಾಗಿರುತ್ತದೆ. ಫೈಲ್‌ನೊಳಗೆ ಒಂದೇ ಒಂದು ಅಕ್ಷರ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ಹಳೆಯ ಡಿಸ್ಕ್‌ನ ಪಟ್ಟಿ, ಹೊಸ ಡಿಸ್ಕ್‌ನ ಪಟ್ಟಿ ಎರಡೂ ಹೊಂದಿದರೆ ನಿಶ್ಚಿಂತೆ.

ಆರ್‌ಸಿಂಕ್‌ನಲ್ಲೂ ‘ಚೆಕ್‌ಸಮ್’ ಆಯ್ಕೆಯಿದೆ. ಅದನ್ನು ‘ಡ್ರೈ ರನ್’ ಮತ್ತು ‘ವರ್ಬೋಸ್’ ಆಯ್ಕೆಗಳ ಜೊತೆ ಓಡಿಸಿದರೆ ವ್ಯತ್ಯಾಸವಿರುವ ಫೈಲ್‌ಗಳ ಹೆಸರು ಸಿಗುತ್ತದೆ. ಯಾವ ಫೈಲ್‌ನ ಹೆಸರೂ ಬರದಿದ್ದರೆ ಕಾಪಿ ಸರಿಯಾಗಿದೆ ಎಂದರ್ಥ. ಎರಡೂ ಡಿಸ್ಕ್‌ಗಳನ್ನು ಪೂರ್ತಿ ಓದಬೇಕಾದ್ದರಿಂದ ಇದಕ್ಕೆ ಇನ್ನೊಂದಿಷ್ಟು ಗಂಟೆ ಬೇಕು. ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ ಮೋಸ ಹೋಗದಿರಲು, ಹೊಸ ಡಿಸ್ಕ್ ಅನ್ನು ‘ಸೇಫ್ಲಿ ರಿಮೂವ್’ ಅಥವಾ ‘ಅನ್‌ಮೌಂಟ್’ ಮಾಡಿ, ಮತ್ತೆ ಜೋಡಿಸಿ ಪರೀಕ್ಷಿಸಿ. ಜೊತೆಗೆ ಹತ್ತಾರು ಫೈಲ್‌ಗಳನ್ನು ತೆರೆದು ಕಣ್ಣಾರೆ ನೋಡಿ.

ಹಳೆಯ ಡಿಸ್ಕ್ ಏನು ಮಾಡಬೇಕು?

ತಕ್ಷಣ ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಕನಿಷ್ಠ ಒಂದು ತಿಂಗಳು ಸರ್ವರ್‌ನಿಂದ ಬಿಡಿಸಿ ಕಪಾಟಿನಲ್ಲಿಡಿ. ಕಾಣೆಯಾದ ಫೈಲ್ ಯಾವುದು ಎನ್ನುವುದು ತಿಂಗಳ ಕೊನೆಯ ಲೆಕ್ಕ ತೆಗೆಯುವಾಗಲೇ ಗೊತ್ತಾಗುವುದು.

‘ನಮ್ಮಲ್ಲಿ ರೇಡ್ ಇದೆ, ಎರಡು ಡಿಸ್ಕ್‌ಗೂ ಒಟ್ಟಿಗೆ ಬರೆಯುತ್ತದೆ’ ಎನ್ನುವವರೂ ಇದ್ದಾರೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ ನಿಜ. ಆದರೆ ತಪ್ಪಾಗಿ ಫೈಲ್ ಅಳಿಸಿದರೆ ಎರಡೂ ಕಡೆ ಒಟ್ಟಿಗೇ ಅಳಿಸುತ್ತದೆ. ಅದು ಬ್ಯಾಕಪ್ ಅಲ್ಲ.

ತಜ್ಞರು ಹೇಳುವುದು 3–2–1 ಸೂತ್ರ: 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಬೇರೆ ಜಾಗದಲ್ಲಿ. ಈ ಕೊನೆಯದು ನಮ್ಮ ಭಾಗದವರಿಗೆ ಹೆಚ್ಚು ಮುಖ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಕಲ್ಯಾಣ್ ಸುತ್ತಮುತ್ತಲೂ ನೀರು ನುಗ್ಗಿತ್ತು. 2019ರ ಜುಲೈ 27ರಂದು ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಪ್ರವಾಹದ ನಡುವೆ ಸಿಲುಕಿದ್ದೂ ನೆನಪಿರಬಹುದು. ನೆಲಮಹಡಿಯ ಕಚೇರಿಯಲ್ಲಿ ಮೂರು ಪ್ರತಿ ಇಟ್ಟರೂ ಅಂಥ ದಿನ ಮೂರೂ ಒಟ್ಟಿಗೇ ಮುಳುಗುತ್ತವೆ.

ಒಂದು ಪ್ರತಿ ಕ್ಲೌಡ್‌ನಲ್ಲಿರಲಿ. ಅದಾಗದಿದ್ದರೆ ಮೇಲಿನ ಮಹಡಿಯಲ್ಲಿರುವ ಬಂಧುಗಳ ಮನೆಯಲ್ಲಿ ಒಂದು ಡಿಸ್ಕ್ ಇಡಿ. ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಡಿಸ್ಕ್ ಹಾಕಿಕೊಂಡು ಹೋಗಿ, ಮನೆಯ ಗೋದ್ರೇಜ್ ಬೀರುವಿನಲ್ಲಿ ಇಟ್ಟು ಬಂದರೂ ಆಯಿತು. ಮುಂದಿನ ರಜೆಯಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಲು ಮಾತ್ರ ಮರೆಯಬೇಡಿ.