ಸಕ್ಕರೆ ಕಾಯಿಲೆಯ ಮನೆಯಲ್ಲಿ ಆಡದೆ ಉಳಿದ ಮಾತು

ಸಕ್ಕರೆ ಕಾಯಿಲೆಯವರು ಅನ್ನ ಬಿಡಬೇಕೋ, ರೊಟ್ಟಿ ಎಷ್ಟು ತಿನ್ನಬೇಕೋ ಎಂದು ನಾವು ಹೆಂಗಸರು ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತೇವೆ, ಅಲ್ಲವೇ? ಅದೇ ಕಾಯಿಲೆ ಗಂಡ-ಹೆಂಡಿರ ಹಾಸಿಗೆಯವರೆಗೂ ಬರುತ್ತದೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ನೇಸರಗಿಯಲ್ಲಿ ನಾನು ಅಕ್ಕಾ ಎಂದು ಕರೆಯುವ ಒಬ್ಬಾಕೆ ಹೋದ ವರ್ಷ ಶಾವಿಗೆ ಮಾಡುತ್ತ ಕೂತವಳು ಒಮ್ಮೆಲೇ ಅತ್ತುಬಿಟ್ಟಳು. “ಎರಡು ವರ್ಷ ಆತವಾ, ಅವರು ಪಡಸಾಲ್ಯಾಗ ಮಲಗಾಕತ್ತು. ಹೊರಗ ಯಾರರ ಅದಾರೋ ಏನೋ.” ಆಕೆಯ ಯಜಮಾನರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಎರಡಕ್ಕೂ ಸಂಬಂಧವಿದ್ದೀತೆಂದು ಆಕೆಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. (ಹೆಸರು ಹಾಕಬ್ಯಾಡ, ಆದ್ರ ಬರಿ ಅಂದಾಳ. ಅದಕ್ಕೇ ಬರೆಯುತ್ತಿದ್ದೇನೆ.)

ಇಬ್ಬರೂ ಬೈಲಹೊಂಗಲಕ್ಕೆ ಹೋಗಿ ಲೇಡಿ ಡಾಕ್ಟರನ್ನು ಕಂಡೆವು. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ನರಗಳೂ ಸಣ್ಣ ರಕ್ತನಾಳಗಳೂ ಕೆಡುತ್ತವೆ. ಪಾದ ಜೋಮು ಹಿಡಿಯುವುದು ಅದರಿಂದಲೇ. ಗಂಡಸರ ಅಂಗಕ್ಕೆ ರಕ್ತ ತುಂಬದೆ ಬಿಗುವು ಬಾರದಿರುವುದೂ ಅದರಿಂದಲೇ. ಮನಸ್ಸಿರುತ್ತದೆ, ದೇಹ ಕೇಳುವುದಿಲ್ಲ. ನಾಚಿಕೆಯಿಂದ ಅವರು ದೂರ ಮಲಗುತ್ತಾರೆ, ನಾವು ಬೇರೆಯೇ ಅರ್ಥ ಮಾಡಿಕೊಳ್ಳುತ್ತೇವೆ! ಕೆಲವು ಬಿ.ಪಿ. ಗುಳಿಗೆಗಳಿಂದಲೂ ಹೀಗಾಗುವುದುಂಟು. ಹಾಗೆಂದು ತಾವೇ ಗುಳಿಗೆ ಬಿಡಬಾರದು, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ. ಇನ್ನೊಂದು ಮಾತು ಕೇಳಿ ನನಗೆ ಗಾಬರಿಯೇ ಆಯಿತು: ಈ ತೊಂದರೆ ಕೆಲವರಲ್ಲಿ ಹೃದಯದ ಕಾಯಿಲೆಯ ಮುನ್ಸೂಚನೆ. ಆದ್ದರಿಂದ ಎದೆಯನ್ನೂ ತೋರಿಸಿಕೊಳ್ಳಬೇಕು.

ಕಾಯಿಲೆ ನಮಗೇ ಇದ್ದರೆ? ತುರಿಕೆ, ಒಡೆದ ಮೊಸರಿನಂಥ ಬಿಳಿ ಸ್ರಾವ, ಒಣಗಿ ಕೂಡುವಾಗ ನೋವು. “ವಯಸ್ಸಾತು” ಎಂದು ಹಲ್ಲು ಕಚ್ಚಿ ಸಹಿಸುತ್ತೇವೆ. ಸಕ್ಕರೆ ಹತೋಟಿಗೆ ತಂದು ಔಷಧ ಮಾಡಿದರೆ ಸ್ರಾವ, ತುರಿಕೆ ಹೋಗುತ್ತವೆ. ಒಣಗುವುದಕ್ಕೆ ಹಚ್ಚಿಕೊಳ್ಳುವ ಜೆಲ್ಲಿ ಔಷಧದ ಅಂಗಡಿಯಲ್ಲೇ ಸಿಗುತ್ತದೆ.

ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆಸಿದವರ ಕಡೆ ಮಾತ್ರ ಹೋಗಬೇಡಿ. ಯಾರೋ ಹೇಳಿದ ಗುಳಿಗೆಯನ್ನೂ ನುಂಗಿಸಬೇಡಿ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಶಕ್ತಿ ಬರಲೆಂದು ಸಿಲ್ಡೆನಾಫಿಲ್ ನುಂಗಿದರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ. ಎಷ್ಟು ಪಡಸಾಲೆಗಳಲ್ಲಿ ಹೀಗೆ ಹಾಸಿಗೆ ಬಿದ್ದಿವೆಯೋ! ಹೊಸದಾಗಿ ಮದುವೆಯಾದವರಿಗಾಗಿ ಡಾ. ಅನುಪಮಾ ನಿರಂಜನರು ‘ವಧುವಿಗೆ ಕಿವಿಮಾತು’ ಬರೆದರು. ನಲವತ್ತು ದಾಟಿದ ನಮ್ಮ ಕಿವಿಯಲ್ಲಿ ಹೇಳುವವರು ಯಾರು?

ಅಕ್ಕನ ಯಜಮಾನರು ಮೊದಲು ಬರಲೊಪ್ಪಲಿಲ್ಲ. ಪಾದ ತೋರಿಸುವ ನೆಪ ಮಾಡಿ ಕರೆದೊಯ್ದು, ಹೇಳಬೇಕಾದ್ದನ್ನು ಆಕೆ ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲಿಟ್ಟಳು. ಔಷಧ ನಡೆದಿದೆ. ಮೊನ್ನೆ ಕೇಳಿದೆ. “ಮೊದಲಿನಂಗ ಏನಿಲ್ಲವಾ,” ಎಂದು ನಕ್ಕಳು, “ಆದ್ರ ಹಾಸಿಗಿ ಒಳಗ ಬಂದೈತಿ.”