ವ್ರತದ ನಡುವೆ ಹಬ್ಬದೂಟ

ಡಿಸೆಂಬರ್ 19 ಬಂತೆಂದರೆ ಸರ್ಬಿಯಾ ದೇಶದ ಎಷ್ಟೋ ಮನೆಗಳಲ್ಲಿ ಹಬ್ಬ. ಅದು ಸಂತ ನಿಕೋಲಾಸನ ದಿನ. ನಮ್ಮ ಮನೆದೇವರಂತೆ ಅಲ್ಲಿನ ಆರ್ಥೊಡಾಕ್ಸ್ ಕುಟುಂಬಗಳಿಗೆ ಒಬ್ಬೊಬ್ಬ ಸಂತ. ತಂದೆಯಿಂದ ಮಗನಿಗೆ ಬರುವ ಈ ಆಚರಣೆಯೇ ‘ಸ್ಲಾವಾ’. 2014ರಲ್ಲಿ ಯುನೆಸ್ಕೋ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ತೊಡಕೆಂದರೆ, ಈ ದಿನ ಕ್ರಿಸ್‌ಮಸ್‌ಗೆ ಮುಂಚಿನ 40 ದಿನಗಳ ವ್ರತದ ನಡುವೆಯೇ ಬೀಳುತ್ತದೆ. (ಜೂಲಿಯನ್ ಪಂಚಾಂಗ 13 ದಿನ ಹಿಂದಿರುವುದರಿಂದ ಅವರ ಕ್ರಿಸ್‌ಮಸ್ ಜನವರಿ 7ಕ್ಕೆ.) ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ಕರೆಯದೆಯೇ ಬರುವುದು ಸ್ಲಾವಾದ ಪದ್ಧತಿ. ಹಾಗೆ ಬಂದ ನೆಂಟರಿಗೆ ಬಡಿಸುವುದೇನು? ಮೊದಲು ಒಂದು ಚಮಚ ‘ಝಿತೊ’, ಅಂದರೆ ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿದ ಸಿಹಿ. ಬಳಿಕ ಮೀನು, ಬೀನ್ಸ್ ಕಾಳು, ಎಲೆಕೋಸಿನ ಸುರುಳಿ ‘ಸಾರ್ಮಾ’.

ಸಾರ್ಮಾದ ಗುಟ್ಟೆಲ್ಲ ಪೀಪಾಯಿಯಲ್ಲಿದೆ. ಚಳಿಗೆ ಮುಂಚೆಯೇ ಇಡೀ ಕೋಸುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ತೇಲದಂತೆ ಮೇಲೆ ಭಾರ ಹೇರುತ್ತಾರೆ. ಗಾಳಿ ಸೋಕದ ಆ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಕೋಸಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಕೊಳೆಸುವ ಜೀವಿಗಳಿಗೆ ಈ ಹುಳಿ ಒಗ್ಗದು. ನಮ್ಮ ಇಡ್ಲಿ ಹಿಟ್ಟು ಹುಳಿಯುವುದೂ ಇದೇ ಬಳಗದಿಂದ. ಹುಳಿ ಹಿಡಿದ ಎಲೆ ಮೆತ್ತಗಾಗಿ, ಸುತ್ತಿದರೂ ಹರಿಯುವುದಿಲ್ಲ. ಉಳಿದ ದಿನಗಳಲ್ಲಿ ಒಳಗೆ ಅಕ್ಕಿ, ಕೊಚ್ಚಿದ ಮಾಂಸ; ವ್ರತದಲ್ಲಿ ಮಾಂಸದ ಜಾಗಕ್ಕೆ ಆಕ್ರೋಟು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಮರುದಿನ ಬಿಸಿಮಾಡಿದ್ದೇ ಹೆಚ್ಚು ರುಚಿ ಎನ್ನುತ್ತಾರೆ ಅಲ್ಲಿನವರು!

ವ್ರತ ಮುಗಿಯುವುದು ಕ್ರಿಸ್‌ಮಸ್‌ನಂದು. ಆಗ ಮನೆಮಂದಿಯೆಲ್ಲ ಸೇರಿ ‘ಚೆಸ್ನಿತ್ಸಾ’ ಎಂಬ ರೊಟ್ಟಿಯನ್ನು ಕೈಯಿಂದಲೇ ಮುರಿಯುತ್ತಾರೆ. ಒಳಗೊಂದು ನಾಣ್ಯ. ಅದು ಯಾರ ಚೂರಿನಲ್ಲಿ ಸಿಕ್ಕಿತೋ ಅವರಿಗೆ ವರ್ಷವಿಡೀ ಅದೃಷ್ಟವಂತೆ. ಹಲ್ಲು ಮಾತ್ರ ಜೋಪಾನ!