ಖಾಲಿ ಮಾಲ್‌ಗೊಂದು ಖಾತೆ ಪುಸ್ತಕ

ನಮ್ಮ ಉಬ್ರಾಣಿ ಕಡೆಯ ಮಕ್ಕಳಿಗೆ ಸಂತೆ ಗೊತ್ತು. ಬೆಳಿಗ್ಗೆ ಬರೀ ಬಯಲು, ಮಧ್ಯಾಹ್ನ ಕಾಲಿಡಲು ಜಾಗವಿಲ್ಲ, ರಾತ್ರಿ ಮತ್ತೆ ಬಯಲು. ನಾಲ್ಕು ಗೂಟ, ಒಂದು ತಾಡಪಾಲು, ಒಂದು ತಕ್ಕಡಿ ಇದ್ದರೆ ಅಂಗಡಿ ಆಯಿತು. ಇಲ್ಲಿ ವ್ಯಾಪಾರ ಆಗದಿದ್ದರೆ ಗೂಟ ಕಿತ್ತುಕೊಂಡು ಇನ್ನೊಂದು ಊರಿನ ಸಂತೆಗೆ ಹೋಗಬಹುದು. ಮಾಲ್‌ಗೆ ಆ ಅನುಕೂಲವಿಲ್ಲ. ಜನ ಬರಲಿ ಬಿಡಲಿ, ಗಾಜಿನ ಛಾವಣಿ, ಎಸ್ಕಲೇಟರು, ಲಿಫ್ಟು ಎಲ್ಲವನ್ನೂ ಹೊತ್ತುಕೊಂಡು ನಿಂತಲ್ಲೇ ನಿಂತಿರಬೇಕು.

ಬೆಂಗಳೂರಿನಲ್ಲಿ ಎಂಟನೇ ತರಗತಿ ಓದುವ ನನ್ನ ಮೊಮ್ಮಗ ಬೇಸಿಗೆ ರಜೆಗೆ ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ದೊಡ್ಡ ಕಟ್ಟಡದ ಒಳಗೆ, ನಿಂತುಹೋದ ಎಸ್ಕಲೇಟರಿನ ಸುತ್ತ ಹಿಮ ಬಿದ್ದಿದೆ. ಮೇಲಿನ ಗಾಜು ಒಡೆದಿದೆ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನ ‘ರೋಲಿಂಗ್ ಏಕರ್ಸ್’ ಎಂಬ ಮಾಲ್ ಅದು. 1975ರಲ್ಲಿ ಶುರುವಾಗಿ 2008ರಲ್ಲಿ ಬಾಗಿಲು ಹಾಕಿತು. ಆಮೇಲೆ ಅದನ್ನು ಕೆಡವಿದರು. ಈಗ ಆ ಜಾಗದಲ್ಲಿ ಅಮೆಜಾನ್ ಕಂಪನಿಯ ಗೋದಾಮು ಇದೆ. ಮಾಲಿಗೆ ಬರುತ್ತಿದ್ದವರು ಮನೆಯಲ್ಲೇ ಕೂತು ಸಾಮಾನು ತರಿಸತೊಡಗಿದರು. ಆ ಸಾಮಾನು ಹೊರಡುವ ಜಾಗ ಮಾಲ್ ಇದ್ದ ನೆಲವೇ ಆಯಿತು!

ಇಂಥ ಮಾಲ್‌ಗಳಿಗೆ ಅಲ್ಲಿನವರು ‘ಸತ್ತ ಮಾಲ್’ ಎಂದೇ ಹೆಸರಿಟ್ಟಿದ್ದಾರೆ. ಅವುಗಳ ಫೋಟೋ, ವಿಡಿಯೋ ತೆಗೆದಿಡುವುದೇ ಕೆಲವರಿಗೆ ಹವ್ಯಾಸ. ಕಟ್ಟಡ ಬೀಳುವ ಮೊದಲು ಯಾವ ಅಂಗಡಿ ಎಲ್ಲಿತ್ತು, ಕಾರಂಜಿ ಎಲ್ಲಿತ್ತು ಎಂದು ಬರೆದಿಡುತ್ತಾರೆ. ಶಿಕಾಗೋ ಹತ್ತಿರದ ಡಿಕ್ಸಿ ಸ್ಕ್ವೇರ್ ಎಂಬ ಮಾಲ್ ಮುಚ್ಚಿದ ಮೇಲೆ ಅದರೊಳಗೆ ಕಾರು ಓಡಿಸಿ, ಗಾಜು ಪುಡಿ ಮಾಡಿ ಸಿನಿಮಾ ತೆಗೆದರು. ಆ ಸಿನಿಮಾ 1980ರಲ್ಲಿ ಬಂತು. ಪಾಳುಬಿದ್ದ ಕಟ್ಟಡ ಮಾತ್ರ 2012ರವರೆಗೆ ಹಾಗೇ ನಿಂತಿತ್ತು.

ಈ ಮಾಲ್ ಎಂಬುದನ್ನು ಶುರು ಮಾಡಿದವರು ಯಾರು ಅಂತೀರಾ? ವಿಯೆನ್ನಾದಲ್ಲಿ ಹುಟ್ಟಿದ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ. ಹಿಟ್ಲರನ ಕಾಟಕ್ಕೆ 1938ರಲ್ಲಿ ಅಮೆರಿಕಕ್ಕೆ ಓಡಿಬಂದವರು. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್ ಒಂದನ್ನು ಮಿನೆಸೋಟ ರಾಜ್ಯದಲ್ಲಿ ಕಟ್ಟಿಸಿದರು. ಸೌತ್‌ಡೇಲ್ ಎಂಬ ಆ ಮಾಲ್ 1956ರಲ್ಲಿ ತೆರೆಯಿತು. ತಮ್ಮೂರಿನ ಚೌಕದ ಹಾಗೆ ಜನ ಕೂಡುವ, ಹರಟುವ ಜಾಗ ಆಗಲಿ ಎಂಬುದು ಅವರ ಆಸೆ. ಆದರೆ ಅಂಗಡಿಗಳೇ ಮೇಲಾಗಿ, ಸುತ್ತ ಕಾರು ನಿಲ್ಲಿಸುವ ಬಯಲೇ ಬೆಳೆದಾಗ, ಬೇಸರಗೊಂಡರು. ವಿಯೆನ್ನಾಕ್ಕೇ ಮರಳಿದ ಮೇಲೆ, ಇದಕ್ಕೂ ನನಗೂ ಸಂಬಂಧವಿಲ್ಲ ಎಂದುಬಿಟ್ಟರು.

ನಮ್ಮ ದೇಶದ ಮೊದಮೊದಲ ಮಾಲ್‌ಗಳಲ್ಲಿ ಮುಂಬಯಿಯ ಕ್ರಾಸ್‌ರೋಡ್ಸ್ ಒಂದು, 1999ರದು. ನೋಡಲು ನುಗ್ಗಿದ ಜನರನ್ನು ತಡೆಯಲು ಮೊದಲಿಗೆ ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ಇದ್ದವರನ್ನು ಮಾತ್ರ ಒಳಗೆ ಬಿಟ್ಟರಂತೆ. ಮುಂದೆ ಅದು ಹೆಸರು ಬದಲಿಸಿಕೊಂಡು, ನಿಧಾನವಾಗಿ ಖಾಲಿಯಾಯಿತು. ಜನ ಬೇಡ ಎಂದ ಬಾಗಿಲಿಗೆ ಜನವೇ ಇಲ್ಲದಂತಾಯಿತು ಎಂದು ನನಗೆ ಒಳಗೊಳಗೇ ನಗು. ನೈಟ್ ಫ್ರಾಂಕ್ ಸಂಸ್ಥೆಯ 2024ರ ವರದಿಯಲ್ಲಿ 29 ನಗರಗಳ ಲೆಕ್ಕವಿದೆ. ಶೇಕಡಾ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿರುವ ಮಾಲ್‌ಗಳು 2022ರಲ್ಲಿ 57 ಇದ್ದವು, 2023ರಲ್ಲಿ 64 ಆದವು. ಬೆಂಗಳೂರೂ ಆ ಪಟ್ಟಿಯಲ್ಲಿದೆ.

ಹಾಗೆಂದು ಎಲ್ಲ ಮಾಲ್‌ಗಳೂ ಸಾಯುತ್ತಿಲ್ಲ. ಕೋರಮಂಗಲದ ಫೋರಂ 2004ರಲ್ಲಿ ತೆರೆದದ್ದು, ಹೆಸರು ಬದಲಾದರೂ ಇಂದಿಗೂ ಗಿಜಿಗುಡುತ್ತದೆ. ಒಂದು ಬದುಕಿ ಇನ್ನೊಂದು ಸಾಯುವುದೇಕೆ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದರ ಸುಳಿವು ಬೇಗ ಸಿಗುತ್ತದೆ. ಪೇಟೆಯ ಅಂಗಡಿ ಸೊರಗುವುದು ಮೊದಲು ಕಾಣಿಸುವುದು ಪಿಗ್ಮಿ ಪುಸ್ತಕದಲ್ಲಿ. ದಿನಾ ಐವತ್ತು ರೂಪಾಯಿ ಕಟ್ಟುತ್ತಿದ್ದವರು ಇಪ್ಪತ್ತಕ್ಕೆ ಇಳಿಯುತ್ತಾರೆ, ಆಮೇಲೆ ‘ನಾಳೆ ಬಾರಪ್ಪ’ ಅನ್ನುತ್ತಾರೆ. ಬೋರ್ಡು ಇಳಿಯುವುದು ಎಷ್ಟೋ ತಿಂಗಳ ನಂತರ. ಮಾಲ್‌ನದೂ ಇದೇ ಕತೆ. ಮೊದಲು ಒಂದು ದೊಡ್ಡ ಮಳಿಗೆ ಬಿಡುತ್ತದೆ. ಅದಕ್ಕೆಂದು ಬರುತ್ತಿದ್ದವರು ದಾರಿಯಲ್ಲಿ ಸಣ್ಣ ಅಂಗಡಿಗೂ ಇಣುಕುತ್ತಿದ್ದರಲ್ಲ, ಅವರೂ ನಿಲ್ಲುತ್ತಾರೆ. ಸಿನಿಮಾ, ಊಟದ ಮಳಿಗೆಗಳನ್ನು ಮೇಲಿನ ಮಹಡಿಯಲ್ಲಿ ಇಡುವುದೂ ಅದಕ್ಕೇ, ಹತ್ತಿ ಇಳಿಯುವಾಗ ಎಲ್ಲ ಅಂಗಡಿ ಕಣ್ಣಿಗೆ ಬೀಳಲಿ ಎಂದು. ಜನ ಕಡಿಮೆಯಾದರೆ ಬಾಡಿಗೆ ಬಾಕಿ. ಬಾಡಿಗೆ ಬಾಕಿಯಾದರೆ ಕರೆಂಟ್ ಉಳಿಸಲು ಒಂದು ಎಸ್ಕಲೇಟರ್ ನಿಲ್ಲಿಸುತ್ತಾರೆ, ಏಸಿ ತಗ್ಗಿಸುತ್ತಾರೆ. ಸೆಕೆಯಲ್ಲಿ ಮೆಟ್ಟಿಲು ಹತ್ತಲು ಯಾರು ಬರುತ್ತಾರೆ?

ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರಿದ ಮಾಲ್‌ಗಳದ್ದು ಇನ್ನೂ ಕಷ್ಟ. ನೂರು ಅಂಗಡಿಗೆ ನೂರು ಒಡೆಯರು. ಒಬ್ಬರು ಬಣ್ಣ ಹೊಡೆಸೋಣ ಎಂದರೆ ಇನ್ನೊಬ್ಬರು ಒಪ್ಪುವುದಿಲ್ಲ. ಪಕ್ಕಪಕ್ಕದಲ್ಲೇ ಮೂರು ಮೊಬೈಲ್ ಅಂಗಡಿ ಬಂದರೂ ಕೇಳುವವರಿಲ್ಲ. ಮೇಲೆ 2020ರ ಕೊರೊನಾ ಬಂತು, ತಿಂಗಳುಗಟ್ಟಲೆ ಬೀಗ.

ಅಂಥದೊಂದು ಮಾಲ್ ಬೆಂಗಳೂರಿನಲ್ಲಿ ನನ್ನ ಮಗನ ಮನೆಯ ಹತ್ತಿರವೇ ಇದೆ. ಹೆಸರು ಹೇಳುವುದಿಲ್ಲ, ಕಾರಣ ನಿಮಗೇ ತಿಳಿಯುತ್ತದೆ. ಮೊಮ್ಮಗ ಹಟ ಹಿಡಿದು ನನ್ನನ್ನು ಕರೆದೊಯ್ದ. ಅಮೆರಿಕದವರ ಹಾಗೆ ತಾನೂ ಫೋಟೋ ತೆಗೆಯಬೇಕಂತೆ. ಎರಡನೇ ಮಹಡಿಯಲ್ಲಿ ಶಟರ್ ಎಳೆಯದೆ ಉಳಿದಿದ್ದವು ಮೂರೇ ಅಂಗಡಿ. ದೀಪಗಳಲ್ಲಿ ಅರ್ಧ ಆರಿಸಿದ್ದರು. ಮಕ್ಕಳು ಕೂರುವ ಪುಟಾಣಿ ರೈಲಿಗೆ ಬಟ್ಟೆ ಹೊದಿಸಿದ್ದರು. ಹುಡುಗ ಅದರ ಫೋಟೋ ತೆಗೆಯುವಾಗ ಎದುರಿನ ಆಟಿಕೆ ಅಂಗಡಿಯಿಂದ ನನ್ನ ವಯಸ್ಸಿನವರೊಬ್ಬರು ಹೊರಗೆ ಬಂದರು.

“ಸತ್ತ ಮಾಲು, ದೆವ್ವದ ಮಾಲು ಅಂತ ಹಾಕ್ತೀಯೇನಪ್ಪಾ?” ಎಂದರು. ಕೋಪವಿರಲಿಲ್ಲ. ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಸುರಿದು ಆ ಮಳಿಗೆ ಕೊಂಡವರು. ಬಾಡಿಗೆಗಿದ್ದವರು ಬಿಟ್ಟುಹೋದ ಮೇಲೆ ತಾವೇ ಅಂಗಡಿ ನಡೆಸುತ್ತಿದ್ದಾರೆ. ಹಿಂದೆ ಒಬ್ಬ ಹುಡುಗ ವಿಡಿಯೋ ಹಾಕಿದ ಮೇಲೆ, ಮಾಲು ಮುಚ್ಚಿದೆ ಎಂದುಕೊಂಡು ಗುರುತಿನವರೂ ಬರುವುದು ನಿಂತಿತಂತೆ. “ನಾನು ಹತ್ತು ಗಂಟೆಗೆ ಬಾಗಿಲು ತೆಗೀತೀನಿ ಸರ್, ಒಂದು ದಿನ ತಪ್ಪಿಸಿಲ್ಲ” ಎಂದು ನನಗೆ ಹೇಳಿದರು. ಮೊಮ್ಮಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಹಾಗಾದರೆ ದಾಖಲೆ ಬೇಡವೇ? ಬೇಕು ಅನ್ನುವವನು ನಾನು. ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡವರು ನಮ್ಮ ಪ್ರಾಯದವರಲ್ಲಿ ಇದ್ದಾರೆ. ಗಿರಣಿಯ ಒಳಗಿನ ಒಂದು ಫೋಟೋ ಅವರಲ್ಲಿ ಎಷ್ಟು ಜನರ ಮನೆಯಲ್ಲಿದೆ? ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ 2010ರಲ್ಲಿ ತೆರೆದಾಗ, ಅದು ನಿಂತದ್ದು ಹಳೆಯ ರಾಜಾ ಮಿಲ್ ಜಾಗದಲ್ಲಿ ಎಂಬುದು ಅಲ್ಲಿ ಐಸ್‌ಕ್ರೀಂ ತಿನ್ನುವ ಮಕ್ಕಳಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಕೋಟೆಯಂಥ ಮುಖದ ಕೆಂಪ್ ಫೋರ್ಟ್ ಎಂಬ ಅಂಗಡಿ ಇತ್ತು. ಅಜ್ಜ ಅಜ್ಜಿಯರೇ, ನಿಮ್ಮ ಆಲ್ಬಮ್ ತೆಗೆದು ನೋಡಿ. ಅದರ ಮುಂದೆ ನಿಂತ ನಿಮ್ಮ ಮಕ್ಕಳ ಫೋಟೋ ಇದ್ದರೆ, ಅದರ ಹಿಂದೆ ಇಸವಿ ಬರೆದಿಡಿ.

ಮೊಮ್ಮಗನಿಗೆ ಒಂದು ಉದ್ದನೆಯ ರಿಜಿಸ್ಟರ್ ಕೊಡಿಸಿದೆ. ಗೆರೆ ಎಳೆದು ಅಂಕಣ ಮಾಡುವುದನ್ನು ಹೇಳಿಕೊಟ್ಟೆ: ಮಹಡಿ, ಮಳಿಗೆ ಸಂಖ್ಯೆ, ಈಗ ಏನಿದೆ, ಹಿಂದೆ ಏನಿತ್ತು, ಹೇಳಿದವರು ಯಾರು, ತಾರೀಖು. ಕೇಳದೆ ಯಾರ ಮುಖದ ಫೋಟೋ ತೆಗೆಯಕೂಡದು, ಕಾವಲುಗಾರರಿಗೆ ತಿಳಿಸದೆ ಮುಚ್ಚಿದ ಮಹಡಿಗೆ ಹೋಗಕೂಡದು ಎಂದೂ ಹೇಳಿದೆ. ಮರುವಾರ ಇಬ್ಬರೂ ಮತ್ತೆ ಹೋದೆವು. ಈ ಸಲ ಆಟಿಕೆ ಅಂಗಡಿಯ ಯಜಮಾನರೇ ಸ್ಟೂಲು ಹಾಕಿ ಕೂರಿಸಿ, ಎಡಗಡೆಯಿಂದ ಒಂದೊಂದೇ ಶಟರ್ ತೋರಿಸುತ್ತಾ ಹೇಳತೊಡಗಿದರು. ಇದು ಬಳೆ ಅಂಗಡಿ, ಇದು ಕನ್ನಡಕದ್ದು, ಇಲ್ಲಿ ಒಂದು ಹೆಣ್ಣುಮಗಳು ಕೇಕು ಮಾಡುತ್ತಿದ್ದಳು, ಆ ವಾಸನೆಗೇ ಜನ ಬರುತ್ತಿದ್ದರು.

ಹುಡುಗ ಬರೆದುಕೊಂಡ. ಕೊನೆಗೆ ಅವರ ಮಳಿಗೆಯ ಸಾಲು ಬಂದಾಗ ‘ಈಗ ಏನಿದೆ’ ಎಂಬಲ್ಲಿ ‘ಆಟಿಕೆ ಅಂಗಡಿ, ತೆರೆದಿದೆ’ ಎಂದು ಬರೆದು, ‘ತೆರೆದಿದೆ’ ಎಂಬುದರ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದ. ನಾವು ಹೊರಡುವ ಮೊದಲು ಒಂದು ಬುಗುರಿ ಕೊಂಡೆವು. ಬಿಲ್ಲನ್ನು ಅವನು ಅದೇ ಪುಟಕ್ಕೆ ಅಂಟಿಸಿದ್ದಾನೆ.